ಭಯಕ್ಕೆ ಮುಖವಿದ್ದ ಕಾಲ: ಬೋರಿಸ್ ಕಾರ್ಲಾಫ್ ಮತ್ತು ‘ಟಾರ್ಗೆಟ್ಸ್’

1968ರ ಭಯಾನಕ ಚಿತ್ರಗಳೆಂದರೆ ಸಿನಿಮಾ ಬಲ್ಲವರು ಸಾಮಾನ್ಯವಾಗಿ ಎರಡು ಹೆಸರು ಹೇಳುತ್ತಾರೆ. ಒಂದು ರೋಮನ್ ಪೊಲಾನ್‌ಸ್ಕಿ ಅವರ ‘ರೋಸ್‌ಮರೀಸ್ ಬೇಬಿ’, ಇನ್ನೊಂದು ಜಾರ್ಜ್ ರೊಮೆರೊ ಅವರ ‘ನೈಟ್ ಆಫ್ ದ ಲಿವಿಂಗ್ ಡೆಡ್’. ಅದೇ ವರ್ಷದ ಆಗಸ್ಟ್‌ನಲ್ಲಿ ತೆರೆಗೆ ಬಂದು, ವಿಮರ್ಶಕರ ಮೆಚ್ಚುಗೆ ಪಡೆದರೂ ಪ್ರೇಕ್ಷಕರಿಲ್ಲದೆ ಸರಿದುಹೋದ ಮೂರನೆಯ ಚಿತ್ರವೊಂದಿದೆ. ಅದರ ಹೆಸರು ‘ಟಾರ್ಗೆಟ್ಸ್’. ಅದರಲ್ಲಿ ದೆವ್ವವಿಲ್ಲ, ಸೈತಾನನಿಲ್ಲ, ಸತ್ತವರು ಎದ್ದು ಬರುವುದಿಲ್ಲ. ತನ್ನ ಕಾಲ ಮುಗಿಯಿತೆಂದು ನಂಬಿಕೊಂಡಿರುವ ಒಬ್ಬ ಮುದಿ ನಟನಿದ್ದಾನೆ. ಅವನ ಪರಿಚಯವೇ ಇಲ್ಲದ ಒಬ್ಬ ಯುವಕನಿದ್ದಾನೆ. ಆ ಯುವಕನ ಕಾರಿನ ಡಿಕ್ಕಿಯ ತುಂಬ ಬಂದೂಕುಗಳಿವೆ. ಒಬ್ಬ ನಟನ ವೃದ್ಧಾಪ್ಯವನ್ನೇ ಈ ಚಿತ್ರ ಹೇಗೆ ಭಯದ ಅಳತೆಗೋಲನ್ನಾಗಿ ಬಳಸಿಕೊಂಡಿತು ಎಂಬುದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂಬುದು ನನ್ನ ಆಸೆ.

ಮೊದಲು ಚಿತ್ರ ಹುಟ್ಟಿದ ಬಗೆಯನ್ನು ಹೇಳಬೇಕು, ಏಕೆಂದರೆ ಇಲ್ಲಿ ಬಡತನವೇ ಕಥೆಯನ್ನು ಬರೆಸಿತು. ಕಡಿಮೆ ಹಣದಲ್ಲಿ, ಕಡಿಮೆ ದಿನಗಳಲ್ಲಿ ಸಿನಿಮಾ ಮಾಡುವುದರಲ್ಲಿ ಹೆಸರಾಗಿದ್ದ ನಿರ್ಮಾಪಕ ರೋಜರ್ ಕಾರ್ಮನ್ ಅವರಿಗೆ ಭಯಾನಕ ಚಿತ್ರಗಳ ಹಿರಿಯ ನಟ ಬೋರಿಸ್ ಕಾರ್ಲಾಫ್ ಅವರಿಂದ ಎರಡು ದಿನಗಳ ಕೆಲಸ ಬಾಕಿಯಿತ್ತು. ಆ ಎರಡು ದಿನಗಳನ್ನು ವ್ಯರ್ಥ ಮಾಡಲು ಅವರಿಗೆ ಮನಸ್ಸಿರಲಿಲ್ಲ. ಪತ್ರಿಕೆಗಳಿಗೆ ಸಿನಿಮಾ ಕುರಿತು ಬರೆಯುತ್ತಿದ್ದ, ತಮ್ಮ ಬಳಿ ಸಹಾಯಕನಾಗಿ ದುಡಿದಿದ್ದ ಪೀಟರ್ ಬೊಗ್ಡನೋವಿಚ್ ಎಂಬ ಯುವಕನನ್ನು ಕರೆದು ಅವರು ಕೊಟ್ಟ ಲೆಕ್ಕ ಹೀಗಿತ್ತು: ಕಾರ್ಲಾಫ್ ಅವರನ್ನು ಎರಡು ದಿನ ಚಿತ್ರೀಕರಿಸಿ ಇಪ್ಪತ್ತು ನಿಮಿಷ ಮಾಡಿಕೋ, 1963ರಲ್ಲಿ ನಾನು ಅವರನ್ನಿಟ್ಟುಕೊಂಡು ಮಾಡಿದ ‘ದ ಟೆರರ್’ ಚಿತ್ರದಿಂದ ಇನ್ನಿಪ್ಪತ್ತು ನಿಮಿಷ ತೆಗೆದುಕೋ, ಉಳಿದ ನಲವತ್ತು ನಿಮಿಷವನ್ನು ಬೇರೆ ನಟರೊಂದಿಗೆ ಹತ್ತು ದಿನಗಳಲ್ಲಿ ಮುಗಿಸು, ಎಂಬತ್ತು ನಿಮಿಷದ ಹೊಸ ಕಾರ್ಲಾಫ್ ಚಿತ್ರ ಸಿದ್ಧ.

ಬೊಗ್ಡನೋವಿಚ್ ಅವರಿಗೆ ಆಗ ಇಪ್ಪತ್ತೆಂಟರ ಆಸುಪಾಸು. ಅವರೂ, ಅವರ ಪತ್ನಿಯೂ ಕಲಾ ನಿರ್ದೇಶಕಿಯೂ ಆಗಿದ್ದ ಪಾಲಿ ಪ್ಲಾಟ್ ಅವರೂ ಕೂಡಿ ಕಥೆ ಹೆಣೆಯಲು ಕುಳಿತರು. ‘ದ ಟೆರರ್’ ಚಿತ್ರದ ಕೋಟೆ, ಬಿರುಗಾಳಿ, ನೆಲಮಾಳಿಗೆ ಇವುಗಳನ್ನು ಆಗಿನ ಲಾಸ್ ಏಂಜಲೀಸ್‌ನಲ್ಲಿ ನಡೆಯುವ ಕಥೆಗೆ ಹೊಂದಿಸುವುದಾದರೂ ಹೇಗೆ? ಆಗ ಅವರಿಗೆ ಹೊಳೆದ ದಾರಿ ಬಹಳ ಸರಳವಾದದ್ದು. ಹಳೆಯ ಚಿತ್ರ ಹಳೆಯ ಚಿತ್ರವಾಗಿಯೇ ಇರಲಿ. ಒಂದು ಖಾಸಗಿ ಪ್ರದರ್ಶನದ ಕೊಠಡಿಯಲ್ಲಿ ಅದು ಓಡಿ ಮುಗಿಯುತ್ತದೆ, ದೀಪ ಹತ್ತುತ್ತದೆ, ಅದರಲ್ಲಿ ನಟಿಸಿದ ಮುದುಕ ಕುರ್ಚಿಯಲ್ಲಿ ಕುಳಿತಿದ್ದಾನೆ, ಮತ್ತು ತಾನು ಇನ್ನು ನಟಿಸುವುದಿಲ್ಲ ಎನ್ನುತ್ತಾನೆ. ಮಾಡಲೇಬೇಕಾಗಿ ಬಂದ ಹೊಂದಾಣಿಕೆಯೇ ಚಿತ್ರದ ತಿರುಳಾಗಿಬಿಟ್ಟಿತು.

ಆ ಮುದುಕನ ಹೆಸರು ಬೈರನ್ ಓರ್ಲಾಕ್. 1922ರ ಜರ್ಮನ್ ಮೂಕಚಿತ್ರ ‘ನೊಸ್ಫೆರಾಟು’ವಿನ ರಕ್ತಪಿಪಾಸುವಿನ ಹೆಸರನ್ನು ಇಲ್ಲಿ ಬೇಕೆಂದೇ ಎತ್ತಿಕೊಳ್ಳಲಾಗಿದೆ. ಪಾತ್ರ ಓರ್ಲಾಕ್ ಆದರೂ ಆ ಮುಖ, ಆ ದೇಹ, ಆ ದನಿ ಕಾರ್ಲಾಫ್ ಅವರದೇ. ಆದ್ದರಿಂದ ಅವರ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗುವಂತಿಲ್ಲ.

1887ರ ನವೆಂಬರ್ 23ರಂದು ಲಂಡನ್ನಿನಲ್ಲಿ ಹುಟ್ಟಿದ ಅವರ ನಿಜನಾಮ ವಿಲಿಯಂ ಹೆನ್ರಿ ಪ್ರ್ಯಾಟ್. ಅವರ ಮನೆತನದಲ್ಲಿ ಭಾರತೀಯ ರಕ್ತವಿತ್ತು ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ. ತಂದೆ ಬ್ರಿಟಿಷ್ ಭಾರತದ ಉಪ್ಪಿನ ಸುಂಕದ ಇಲಾಖೆಯಲ್ಲಿ ನೌಕರಿ ಮಾಡಿದವರು. ಅಹಮದ್‌ನಗರದಲ್ಲಿ ಹುಟ್ಟಿ, ಮುಂದೆ ಸಯಾಂ (ಇಂದಿನ ಥಾಯ್ಲೆಂಡ್) ದೊರೆಯ ಮಕ್ಕಳಿಗೆ ಪಾಠ ಹೇಳಿ ಪ್ರಸಿದ್ಧರಾದ ಆನಾ ಲಿಯೊನೊವೆನ್ಸ್ ಅವರ ಬಂಧುವರ್ಗಕ್ಕೆ ಸೇರಿದವರು ಕಾರ್ಲಾಫ್ ಅವರ ತಾಯಿ. ಕಂದುಬಣ್ಣದ ಮೈಯಿಂದಾಗಿ ಮೂಕಚಿತ್ರಗಳ ಕಾಲದಲ್ಲಿ ಕಾರ್ಲಾಫ್ ಅವರಿಗೆ ಅರಬ, ಹಿಂದೂ, ಅಮೆರಿಕದ ಮೂಲನಿವಾಸಿ ಮೊದಲಾದ ‘ಪರಕೀಯ’ ಪಾತ್ರಗಳೇ ಸಿಗುತ್ತಿದ್ದವು. 1931ರಲ್ಲಿ ಜೇಮ್ಸ್ ವೇಲ್ ಅವರ ‘ಫ್ರಾಂಕೆನ್‌ಸ್ಟೈನ್’ ಬಂದಾಗ ಅವರಿಗೆ ನಲವತ್ತಮೂರು ದಾಟಿತ್ತು. ಆ ಚಿತ್ರದ ಆರಂಭದ ಶೀರ್ಷಿಕೆಗಳಲ್ಲಿ, ವಿಜ್ಞಾನಿಯೊಬ್ಬ ಶವಗಳ ಭಾಗಗಳಿಂದ ಸೃಷ್ಟಿಸಿದ ಮೃಗದ ಪಾತ್ರಧಾರಿಯ ಹೆಸರಿರಬೇಕಾದ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರವಿದೆ. ಮಾತೇ ಇಲ್ಲದ ಆ ಪಾತ್ರಕ್ಕೆ, ಜ್ಯಾಕ್ ಪಿಯರ್ಸ್ ಅವರ ಭಾರವಾದ ಬಣ್ಣಗಾರಿಕೆಯ ಒಳಗಿನಿಂದ, ಅವರು ತಂದುಕೊಟ್ಟ ದುಃಖ ಎಂಥದೆಂದರೆ, ನಾವು ಆ ಮೃಗಕ್ಕೆ ಹೆದರುತ್ತೇವೆ, ಹೆದರುತ್ತಲೇ ಅದಕ್ಕಾಗಿ ಮರುಗುತ್ತೇವೆ. ಈ ಮರುಕವನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

‘ಟಾರ್ಗೆಟ್ಸ್’ ಚಿತ್ರೀಕರಣದ ಹೊತ್ತಿಗೆ ಅವರಿಗೆ ಎಂಬತ್ತರ ಸನಿಹ. ಶ್ವಾಸಕೋಶದ ಕಾಯಿಲೆಯಿಂದ ಉಸಿರು ಕಟ್ಟುತ್ತಿತ್ತು, ನಡುನಡುವೆ ಆಮ್ಲಜನಕ ಬೇಕಾಗುತ್ತಿತ್ತು, ಕಾಲಿಗೆ ಲೋಹದ ಪಟ್ಟಿ ಕಟ್ಟಿಕೊಂಡು ನಡೆಯಬೇಕಿತ್ತು. ಒಪ್ಪಂದ ಎರಡು ದಿನಗಳದ್ದು; ಚಿತ್ರಕಥೆ ಮೆಚ್ಚಿದ ಅವರು ಒಟ್ಟು ಐದು ದಿನ ದುಡಿದರು, ಹೆಚ್ಚಿನ ದಿನಗಳಿಗೆ ಹಣ ಬೇಡವೆಂದರು. ಪರದೆಯ ಮೇಲೆ ಓರ್ಲಾಕ್ ಕುರ್ಚಿಯಿಂದ ಏಳುವಾಗ ಕಾಣುವ ನಿಧಾನ ಅಭಿನಯವಲ್ಲ, ನಿಜವಾದ ದಣಿವು. ಅದನ್ನು ಮರೆಮಾಚದೆ ಕ್ಯಾಮೆರಾದ ಮುಂದೆ ಇಡಲು ಒಪ್ಪಿದ್ದು ಆ ನಟನ ದೊಡ್ಡತನ ಎಂದೇ ನಾನು ತಿಳಿಯುತ್ತೇನೆ.

ಓರ್ಲಾಕ್ ಏಕೆ ನಿವೃತ್ತನಾಗಬಯಸುತ್ತಾನೆ? ಯುವ ನಿರ್ದೇಶಕ ಸ್ಯಾಮಿ ಮೈಕಲ್ಸ್ ಅವನಿಗೆಂದೇ ಒಂದು ಒಳ್ಳೆಯ ಪಾತ್ರ ಬರೆದು ತಂದಿದ್ದಾನೆ. ಈ ಪಾತ್ರವನ್ನು ಬೊಗ್ಡನೋವಿಚ್ ಅವರೇ ವಹಿಸಿದ್ದಾರೆ. ಚಿತ್ರಕಥೆಗೆ ಹೆಸರು ಹಾಕಿಸಿಕೊಳ್ಳದೆ ನೆರವಾದ ನಿರ್ದೇಶಕ ಸ್ಯಾಮ್ಯುಯೆಲ್ ಫುಲ್ಲರ್ ಅವರ ಗೌರವಾರ್ಥವಾಗಿ ಆ ಹೆಸರನ್ನಿಟ್ಟರು. ಸ್ಯಾಮಿ ಎಷ್ಟು ಗೋಗರೆದರೂ ಓರ್ಲಾಕ್ ಒಪ್ಪುವುದಿಲ್ಲ. ಒಂದು ದಿನಪತ್ರಿಕೆಯನ್ನು ಅವನ ಮುಂದೆ ಹಿಡಿಯುತ್ತಾನೆ. ಅಂಗಡಿಯೊಂದರಲ್ಲಿ ಒಬ್ಬ ಹುಡುಗ ಆರು ಜನರನ್ನು ಗುಂಡಿಟ್ಟು ಕೊಂದ ಸುದ್ದಿ ಅದರಲ್ಲಿದೆ. ನನ್ನ ಬಗೆಯ ಭಯ ಇನ್ನು ಭಯವೇ ಅಲ್ಲ, ನಾನೊಂದು ಹಳೆಯ ಕಾಲದ ವಸ್ತು, ಎಂಬುದು ಅವನ ಮಾತಿನ ಸಾರ.

ಈ ಮಾತನ್ನು ನಮ್ಮ ಕಾವ್ಯಮೀಮಾಂಸೆಯ ಬೆಳಕಿನಲ್ಲಿ ಸ್ವಲ್ಪ ನೋಡೋಣ. ಭರತಮುನಿ ಭಯಾನಕ ರಸಕ್ಕೆ ವಿಭಾವಗಳನ್ನು, ಅಂದರೆ ಆ ಭಾವವನ್ನು ಹುಟ್ಟಿಸುವ ಕಾರಣಗಳನ್ನು, ಹೇಳುವಾಗ ವಿಕೃತವಾದ ಧ್ವನಿ, ಭೂತಪ್ರೇತಗಳ ದರ್ಶನ, ನರಿ ಮತ್ತು ಗೂಬೆಗಳ ಕೂಗು, ಪಾಳುಮನೆ, ಕಾಡು ಇವುಗಳನ್ನು ಎಣಿಸುತ್ತಾನೆ. ‘ದ ಟೆರರ್’ ಚಿತ್ರವನ್ನು ನೋಡಿದರೆ ಈ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅದನ್ನು ಮಾಡಿದಂತಿದೆ: ಕಡಲಂಚಿನ ಕೋಟೆ, ಗುಡುಗು, ಸಮಾಧಿ, ಪ್ರೇತವೋ ಹೆಣ್ಣೋ ತಿಳಿಯದ ಒಂದು ಆಕೃತಿ. ಅಲ್ಲಿ ಭಯಕ್ಕೊಂದು ಆಲಂಬನವಿದೆ, ಅಂದರೆ ಯಾವುದಕ್ಕೆ ಹೆದರಬೇಕೋ ಆ ವಸ್ತುವಿದೆ; ಭಯವನ್ನು ಏರಿಸುವ ಉದ್ದೀಪನಗಳಿವೆ. ಪ್ರೇಕ್ಷಕನಿಗೆ ತಾನು ಯಾವಾಗ ಹೆದರಬೇಕು ಎಂಬ ಸೂಚನೆ ಮೊದಲೇ ಸಿಗುತ್ತದೆ. ಓರ್ಲಾಕ್ ಜೀವನವಿಡೀ ಮಾಡಿದ ಕೆಲಸ ಇದು. ಅವನು ಭಯಕ್ಕೆ ಒಂದು ಮುಖವನ್ನು ಕೊಡುತ್ತಿದ್ದ.

ಈಗ ಚಿತ್ರದ ಇನ್ನೊಂದು ಮನೆಗೆ ಬನ್ನಿ. ಆರಂಭದಲ್ಲಿ ಹೇಳಿದ ಆ ಯುವಕ, ಬಾಬಿ ಥಾಂಪ್ಸನ್, ವಿಮಾ ಏಜೆಂಟ್, ವಿಯೆಟ್ನಾಂ ಯುದ್ಧದಿಂದ ಮರಳಿದವನು, ಹೆಂಡತಿಯೊಂದಿಗೆ ತಂದೆತಾಯಿಯ ಮನೆಯಲ್ಲಿದ್ದಾನೆ. ಈ ಪಾತ್ರದಲ್ಲಿ ಟಿಮ್ ಓಕೆಲಿ ಎಂಬ ನಟನ ಸೌಮ್ಯ, ಅಚ್ಚುಕಟ್ಟಾದ ಮುಖವನ್ನು ಒಮ್ಮೆ ನೋಡಿದರೆ ಮರೆಯಲಾಗದು. ಮನೆ ಚೊಕ್ಕವಾಗಿದೆ. ಊಟಕ್ಕೆ ಮುಂಚೆ ಪ್ರಾರ್ಥನೆಯಾಗುತ್ತದೆ, ಊಟವಾದ ಮೇಲೆ ಟಿವಿ. ತಂದೆಗೆ ಬಾಬಿ ‘ಸರ್’ ಎನ್ನುತ್ತಾನೆ. ಗೋಡೆಗೆ ಬಂದೂಕುಗಳನ್ನು ಸಾಲಾಗಿ ತೂಗುಹಾಕಲಾಗಿದೆ, ಯಾರೂ ಅವುಗಳತ್ತ ತಿರುಗಿಯೂ ನೋಡುವುದಿಲ್ಲ, ಗಡಿಯಾರವನ್ನು ನೋಡದ ಹಾಗೆ. ಪಾಲಿ ಪ್ಲಾಟ್ ಈ ಮನೆಯನ್ನು ತಣ್ಣನೆಯ, ಮಂಕು ಬಣ್ಣಗಳಲ್ಲಿ ರೂಪಿಸಿದರು. ಓರ್ಲಾಕ್ ಇರುವ ಕೋಣೆಗಳಿಗೆ ಕಂದು, ಹೊಂಬಣ್ಣಗಳ ಬೆಚ್ಚನೆಯ ಲೋಕವನ್ನು ಕೊಟ್ಟರು. ಛಾಯಾಗ್ರಾಹಕ ಲಾಸ್ಲೊ ಕೊವಾಚ್ ಅದಕ್ಕೆ ತಕ್ಕ ಬೆಳಕು ಹಿಡಿದರು. ರಾಕ್ಷಸ ಪಾತ್ರಗಳ ನಟ ಬೆಚ್ಚನೆಯ ಬೆಳಕಿನಲ್ಲಿ, ಸಭ್ಯ ಮನೆತನದ ಮಗ ತಣ್ಣನೆಯ ಬೆಳಕಿನಲ್ಲಿ. ಭರತನ ಪಟ್ಟಿಯಲ್ಲಿನ ಒಂದೇ ಒಂದು ಉದ್ದೀಪನವೂ ಈ ಮನೆಯಲ್ಲಿಲ್ಲ. ಆದರೂ ಇಲ್ಲಿ ಕುಳಿತವರಿಗೆ ಉಸಿರು ಬಿಗಿಯುತ್ತದೆ.

ಈ ಮನೆಯ ಒಂದು ದೃಶ್ಯದ ಬಳಿ ಸ್ವಲ್ಪ ಹೊತ್ತು ನಿಲ್ಲೋಣ. ಹಿಂದಿನ ರಾತ್ರಿ ಬಾಬಿ ಹೆಂಡತಿಗೆ, ತನಗೇನೋ ಆಗುತ್ತಿದೆ, ತಲೆಯಲ್ಲಿ ವಿಚಿತ್ರ ಯೋಚನೆಗಳು ಬರುತ್ತಿವೆ ಎಂದು ಹೇಳಲು ಯತ್ನಿಸಿದ್ದಾನೆ. ಕೆಲಸಕ್ಕೆ ಹೊರಡುವ ಆತುರದಲ್ಲಿದ್ದ ಆಕೆಗೆ ಅದು ಮನಸ್ಸಿಗೆ ತಟ್ಟಿಲ್ಲ. ಮರುದಿನ ಅವನು ಟೈಪ್‌ರೈಟರ್ ಮುಂದೆ ಕುಳಿತು, ಗಂಟೆ ಹನ್ನೊಂದು ನಲವತ್ತು ಎಂದು ಸಮಯ ನಮೂದಿಸಿ, ತಾನು ಹೆಂಡತಿಯನ್ನೂ ತಾಯಿಯನ್ನೂ ಕೊಲ್ಲಲಿದ್ದೇನೆಂದು ಬರೆಯುತ್ತಾನೆ. ಹಾಗೆಯೇ ಮಾಡುತ್ತಾನೆ, ದಿನಸಿ ತಂದುಕೊಡಲು ಬಂದ ಹುಡುಗನನ್ನೂ ಬಿಡುವುದಿಲ್ಲ. ಆನಂತರ ಅವನು ಮಾಡುವ ಕೆಲಸವೇ ನನ್ನನ್ನು ವರ್ಷಗಟ್ಟಲೆ ಕಾಡಿದೆ. ಹೆಂಗಸರ ದೇಹಗಳನ್ನು ಎತ್ತಿಕೊಂಡು ಹೋಗಿ ಹಾಸಿಗೆಯ ಮೇಲೆ ಮಲಗಿಸುತ್ತಾನೆ. ನೆಲದ ಮೇಲಿನ ರಕ್ತದ ಕಲೆಗಳ ಮೇಲೆ ಟವೆಲುಗಳನ್ನು ಹರಡುತ್ತಾನೆ. ಅಮ್ಮ ಬೈದಾಳೆಂದು ಚೆಲ್ಲಿದ ಹಾಲನ್ನು ಒರೆಸುವ ಮಗುವಿನಷ್ಟು ಜೋಪಾನವಾಗಿ. ಕ್ಯಾಮೆರಾ ಅವನನ್ನು ಬಿಟ್ಟು, ನೆಲಕ್ಕೆ ಹತ್ತಿರವಾಗಿ ಸಾಗಿ, ಆ ಟವೆಲುಗಳನ್ನು ದಾಟಿ ಪತ್ರದ ಬಳಿ ಬಂದು ನಿಲ್ಲುತ್ತದೆ. ಹಿನ್ನೆಲೆ ಸಂಗೀತವೆಂಬುದು ಇಲ್ಲವೇ ಇಲ್ಲ. ಇಡೀ ಚಿತ್ರದಲ್ಲಿ ರೇಡಿಯೋ ಟಿವಿಗಳಿಂದ ಕೇಳಿಬರುವ ಹಾಡುಗಳನ್ನು ಬಿಟ್ಟರೆ ಹಿನ್ನೆಲೆ ಸಂಗೀತವನ್ನು ಬಳಸಿಲ್ಲ. ಎಲ್ಲಿ ಅಳಬೇಕು, ಎಲ್ಲಿ ಬೆಚ್ಚಬೇಕು ಎಂದು ನಮಗೆ ಹೇಳಿಕೊಡುವವರು ಯಾರೂ ಇಲ್ಲ.

ಬಾಬಿಯ ಹಿಂದೆ ಒಬ್ಬ ನಿಜ ಮನುಷ್ಯನಿದ್ದಾನೆ. 1966ರ ಆಗಸ್ಟ್ 1ರಂದು ಚಾರ್ಲ್ಸ್ ವಿಟ್ಮನ್ ಎಂಬ ಮಾಜಿ ಮರೀನ್ ಸೈನಿಕ ತಾಯಿಯನ್ನೂ ಹೆಂಡತಿಯನ್ನೂ ಕೊಂದು, ಆಸ್ಟಿನ್‌ನಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯದ ಗೋಪುರವನ್ನೇರಿ ಕೆಳಗೆ ಓಡಾಡುತ್ತಿದ್ದವರ ಮೇಲೆ ಗುಂಡಿನ ಮಳೆ ಸುರಿಸಿದ. ಈ ಘಟನೆಯನ್ನು ಎತ್ತಿಕೊಂಡ ಯಾವ ಸಾಧಾರಣ ಚಿತ್ರವೂ ‘ಏಕೆ’ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಿತ್ತು. ‘ಟಾರ್ಗೆಟ್ಸ್’ ಉತ್ತರದ ಚೂರುಗಳನ್ನು ಅಲ್ಲಲ್ಲಿ ಬಿಟ್ಟಿದೆ. ತಂದೆಯೊಂದಿಗೆ ಡಬ್ಬಿಗಳಿಗೆ ಗುರಿಯಿಟ್ಟು ಹೊಡೆಯುವಾಗ ಬಾಬಿ ಒಂದು ಕ್ಷಣ ಬಂದೂಕನ್ನು ತಂದೆಯತ್ತಲೇ ತಿರುಗಿಸುತ್ತಾನೆ; ತಂದೆ ಕಂಡು ಗದರುತ್ತಾನೆ; ಮಾತು ಅಲ್ಲಿಗೆ ಮುಗಿಯುತ್ತದೆ. ಅಂಗಡಿಯವನು ಯಾವ ಬೇಟೆಗೆ ಇಷ್ಟೊಂದು ಗುಂಡುಗಳು ಎಂದು ಕೇಳಿದರೆ ಹಂದಿ ಹೊಡೆಯಲು ಎನ್ನುತ್ತಾನೆ, ಅಂಗಡಿಯವನು ಕಟ್ಟಿಕೊಡುತ್ತಾನೆ. ಈ ಚೂರುಗಳನ್ನು ಎಷ್ಟು ಜೋಡಿಸಿದರೂ ಕಾರಣದ ಆಕಾರ ಮೂಡುವುದಿಲ್ಲ. ಇದನ್ನು ಚಿತ್ರದ ಕೊರತೆಯೆಂದವರಿದ್ದಾರೆ. ನಾನು ಒಪ್ಪುವುದಿಲ್ಲ. ಫ್ರಾಂಕೆನ್‌ಸ್ಟೈನ್‌ನ ಮೃಗ ಏಕೆ ಕೊಂದಿತೆಂದು ನಮಗೆ ಗೊತ್ತಿತ್ತು, ಆದ್ದರಿಂದಲೇ ಅದಕ್ಕಾಗಿ ಮರುಗಿದೆವು. ಕಾರಣ ತಿಳಿಯದಲ್ಲಿ ಮರುಕಕ್ಕೆ ಹಿಡಿಕೆಯೇ ಸಿಗುವುದಿಲ್ಲ. ಓರ್ಲಾಕ್ ಸೋತದ್ದು ಇಂಥ ಭಯದ ಎದುರಿಗೆ.

ಬಾಬಿ ಆಮೇಲೆ ಹೆದ್ದಾರಿಯ ಪಕ್ಕದ ಒಂದು ತೈಲದ ಟ್ಯಾಂಕಿನ ಮೇಲೇರಿ, ಬಂದೂಕುಗಳನ್ನು ಓರಣವಾಗಿ ಜೋಡಿಸಿ, ಬುತ್ತಿ ಬಿಚ್ಚಿ ಊಟ ಮಾಡಿ, ಓಡುವ ಕಾರುಗಳಿಗೆ ಗುರಿಯಿಡುತ್ತಾನೆ. ಈ ಭಾಗವನ್ನು ಅನುಮತಿ ಪಡೆಯದೆಯೇ, ವಾಕಿಟಾಕಿಗಳಲ್ಲಿ ಮಾತಾಡಿಕೊಳ್ಳುತ್ತ, ಧ್ವನಿಯಿಲ್ಲದೆ ಚಿತ್ರೀಕರಿಸಿದರು. ನಾವು ಕೇಳುವ ಗುಂಡಿನ ಸದ್ದು, ಚಕ್ರಗಳ ಕಿರುಚು, ಗಾಳಿ ಎಲ್ಲವನ್ನೂ ಆಮೇಲೆ ಒಂದೊಂದಾಗಿ ಕಟ್ಟಿದವರು ವರ್ನಾ ಫೀಲ್ಡ್ಸ್. ಕೆಲವು ವರ್ಷಗಳ ನಂತರ ‘ಜಾಸ್’ ಚಿತ್ರವನ್ನು ಸಂಕಲಿಸಿ ಆಸ್ಕರ್ ಪಡೆದವರು ಇವರೇ.

ಈ ನಡುವೆ ಓರ್ಲಾಕ್ ಏನು ಮಾಡುತ್ತಿದ್ದಾನೆ? ರಾತ್ರಿ ಕುಡಿದು ಬಂದ ಸ್ಯಾಮಿಯೊಂದಿಗೆ ಕುಳಿತು ಟಿವಿಯಲ್ಲಿ 1931ರ ‘ದ ಕ್ರಿಮಿನಲ್ ಕೋಡ್’ ನೋಡುತ್ತಾನೆ. ಅದು ಹೋವರ್ಡ್ ಹಾಕ್ಸ್ ಅವರ ಚಿತ್ರ, ಅದರಲ್ಲಿ ನಟಿಸಿದ್ದು ನಿಜವಾದ ಕಾರ್ಲಾಫ್. ಎಂಬತ್ತರ ಮುದುಕ ನಲವತ್ತಮೂರರ ತನ್ನನ್ನೇ ನೋಡುತ್ತಿರುವಾಗ ಅವನ ಮುಖದಲ್ಲಿ ಮೂಡುವ ಭಾವಕ್ಕೆ ನನ್ನಲ್ಲಿ ಹೆಸರಿಲ್ಲ. ಮರುದಿನ ಬೆಳಗ್ಗೆ ತಲೆಭಾರದಿಂದ ಎದ್ದವನು ಕನ್ನಡಿಯಲ್ಲಿ ತನ್ನ ಮುಖವನ್ನೇ ಕಂಡು ಬೆಚ್ಚುತ್ತಾನೆ. ಸಭಾಂಗಣ ನಗುವ ದೃಶ್ಯ ಅದು. ನಗು ಇಳಿದ ಮೇಲೆ ಅದರೊಳಗಿನ ನೋವು ತಟ್ಟುತ್ತದೆ.

ಚಿತ್ರದ ಎತ್ತರದ ಕ್ಷಣ ಅದಾದ ಸ್ವಲ್ಪ ಹೊತ್ತಿಗೆ ಬರುತ್ತದೆ. ಅಂದು ಸಂಜೆ ಲಾಸ್ ಏಂಜಲೀಸ್‌ನ ರೆಸೀಡಾ ಬಡಾವಣೆಯ ಡ್ರೈವ್‌-ಇನ್ ಥಿಯೇಟರಿನಲ್ಲಿ, ಕಥೆಯೊಳಗೆ ಓರ್ಲಾಕನ ಹೊಸ ಚಿತ್ರವಾಗಿರುವ ‘ದ ಟೆರರ್’ನ ಮೊದಲ ಪ್ರದರ್ಶನ, ಓರ್ಲಾಕ್ ಅಲ್ಲಿಗೆ ಕೊನೆಯ ಬಾರಿ ಜನರೆದುರು ಬರಲು ಒಪ್ಪಿದ್ದಾನೆ. ಏನು ಮಾತಾಡಬೇಕೆಂದು ಹೋಟೆಲ್ ಕೋಣೆಯಲ್ಲಿ ಚರ್ಚೆಯಾಗುವಾಗ ಅವನು ಒಂದು ಕಥೆ ಹೇಳುತ್ತಾನೆ. ಬಾಗ್ದಾದಿನ ವ್ಯಾಪಾರಿಯೊಬ್ಬನ ಆಳು ಸಂತೆಯಲ್ಲಿ ಮೃತ್ಯುವನ್ನು ಕಂಡು, ಅದು ತನಗೆ ಬೆದರಿಕೆಯ ಸನ್ನೆ ಮಾಡಿತೆಂದು ಹೆದರಿ, ಯಜಮಾನನ ಕುದುರೆ ಕೇಳಿ ಪಡೆದು ಸಮಾರಾಕ್ಕೆ ಓಡಿಹೋಗುತ್ತಾನೆ. ವ್ಯಾಪಾರಿ ಸಂತೆಗೆ ಹೋಗಿ, ನನ್ನ ಆಳನ್ನೇಕೆ ಹೆದರಿಸಿದೆ ಎಂದು ಕೇಳಿದರೆ ಮೃತ್ಯು ಹೇಳುತ್ತದೆ: ಹೆದರಿಸಲಿಲ್ಲ, ಬೆರಗಾದೆ, ಅವನನ್ನು ಇಲ್ಲಿ ಕಂಡು ಆಶ್ಚರ್ಯವಾಯಿತು, ಏಕೆಂದರೆ ಇಂದು ರಾತ್ರಿ ಸಮಾರಾದಲ್ಲಿ ಅವನನ್ನು ಭೇಟಿಯಾಗಬೇಕಿತ್ತು. ಸಾಮರ್ಸೆಟ್ ಮಾಮ್ ಹೇಳಿ ಪ್ರಸಿದ್ಧಗೊಳಿಸಿದ ಹಳೆಯ ಕಥೆ ಇದು. ಕ್ಯಾಮೆರಾ ಮೆಲ್ಲಗೆ ಹತ್ತಿರವಾಗುತ್ತ ಹೋಗುತ್ತದೆ, ನಡುವೆ ಒಂದೂ ಕಡಿತವಿಲ್ಲ, ಕಾರ್ಲಾಫ್ ಅವರ ದನಿಯೊಂದೇ ಇದೆ. ಒಂದೇ ಟೇಕಿನಲ್ಲಿ ಅವರು ಮುಗಿಸಿದಾಗ ಚಿತ್ರೀಕರಣದ ಸಿಬ್ಬಂದಿ ಚಪ್ಪಾಳೆ ತಟ್ಟಿದರೆಂದು ಬೊಗ್ಡನೋವಿಚ್ ಮುಂದೆ ನೆನಪಿಸಿಕೊಂಡಿದ್ದಾರೆ. ಬಣ್ಣವಿಲ್ಲ, ನೆರಳಿಲ್ಲ, ಗುಡುಗಿಲ್ಲ. ಹಗಲು ಹೊತ್ತಿನ ಹೋಟೆಲ್ ಕೋಣೆ, ಒಬ್ಬ ಮುದುಕ, ಒಂದು ಕಥೆ. ಮೈ ಜುಮ್ಮೆನ್ನುತ್ತದೆ. ನನ್ನ ಕಲೆ ಸತ್ತಿತು ಎಂದ ಮನುಷ್ಯ ಅದು ಸತ್ತಿಲ್ಲವೆಂದು ತನ್ನ ಕಂಠದಿಂದಲೇ ತೋರಿಸಿಕೊಡುತ್ತಾನೆ, ಅವನಿಗೇ ಅದರ ಅರಿವಿಲ್ಲ.

ಡ್ರೈವ್‌-ಇನ್ ನೋಡಿರದವರಿಗೆ ಒಂದು ಮಾತು. ಅದು ಬಯಲಿನಲ್ಲಿ ನಿಲ್ಲಿಸಿದ ಬೃಹತ್ ಪರದೆ. ಪ್ರೇಕ್ಷಕರು ತಂತಮ್ಮ ಕಾರಿನಲ್ಲಿಯೇ ಕುಳಿತು, ಕಂಬದಿಂದ ತೆಗೆದ ಸಣ್ಣ ಸ್ಪೀಕರನ್ನು ಕಿಟಕಿಗೆ ಸಿಕ್ಕಿಸಿಕೊಂಡು ಸಿನಿಮಾ ನೋಡುತ್ತಾರೆ. ನಮ್ಮ ಟೂರಿಂಗ್ ಟಾಕೀಸಿನ ಡೇರೆಯಲ್ಲಿ ಒಬ್ಬ ಕಿರುಚಿದರೆ ಸಭೆಯೆಲ್ಲ ತಿರುಗಿ ನೋಡುತ್ತಿತ್ತು. ಇಲ್ಲಿ ಒಂದೊಂದು ಕುಟುಂಬವೂ ಒಂದೊಂದು ಗಾಜಿನ ಪೆಟ್ಟಿಗೆಯಲ್ಲಿದೆ. ಪೊಲೀಸರಿಂದ ತಪ್ಪಿಸಿಕೊಂಡು ಬಂದ ಬಾಬಿ ಪರದೆಯ ಹಿಂದಿನ ಅಟ್ಟಣೆಯನ್ನು ಹತ್ತಿ, ಪರದೆಯಲ್ಲಿನ ತೂತಿನಿಂದ ಬಂದೂಕಿನ ನಳಿಗೆ ತೂರಿಸುತ್ತಾನೆ. ಪಕ್ಕದ ಕಾರಿನಲ್ಲಿ ಸಾವು ಸಂಭವಿಸಿದರೂ ಈ ಕಾರಿನವರಿಗೆ ತಿಳಿಯುವುದಿಲ್ಲ. ಪ್ರೊಜೆಕ್ಟರ್ ನಡೆಸುವವನೇ ಸಾಯುತ್ತಾನೆ, ಚಿತ್ರ ಮಾತ್ರ ಓಡುತ್ತಲೇ ಇರುತ್ತದೆ. ಪರದೆಯ ಮುಂಭಾಗದಲ್ಲಿ ಹಳೆಯ ಭಯ, ಅದರ ಹಿಂದೆ ಹೊಸ ಭಯ, ನಡುವೆ ಒಂದು ತೆಳುವಾದ ಪದರ: ಹತ್ತು ಹನ್ನೆರಡು ಪುಟಗಳ ಪ್ರಬಂಧ ಹೇಳಬೇಕಾದದ್ದನ್ನು ಈ ಒಂದು ಚಿತ್ರಿಕೆ ಹೇಳಿಬಿಡುತ್ತದೆ.

ತನ್ನ ಕಾರ್ಯದರ್ಶಿ ಜೆನ್ನಿಗೆ ಗುಂಡು ತಗುಲಿದ್ದನ್ನು ಕಂಡ ಓರ್ಲಾಕ್ ಊರುಗೋಲು ಹಿಡಿದು ಎದ್ದು ನಡೆಯುತ್ತಾನೆ. ಪರದೆಯ ಮೇಲೆ ದೈತ್ಯಾಕಾರದ ಓರ್ಲಾಕ್ ಬರುತ್ತಿದ್ದಾನೆ, ನೆಲದ ಮೇಲೆ ಕುಂಟುತ್ತ ಇನ್ನೊಬ್ಬ ಓರ್ಲಾಕ್ ಬರುತ್ತಿದ್ದಾನೆ. ಬಾಬಿ ಅತ್ತಿತ್ತ ನೋಡಿ ಗಲಿಬಿಲಿಗೊಂಡು ಎರಡೂ ಕಡೆ ಗುಂಡು ಹಾರಿಸುತ್ತಾನೆ. ಮುದುಕ ನಿಲ್ಲುವುದಿಲ್ಲ. ಊರುಗೋಲಿನಿಂದ ಬಂದೂಕನ್ನು ಹೊಡೆದು ಬೀಳಿಸಿ, ಹುಡುಗನ ಕೆನ್ನೆಗೆ ಮತ್ತೆ ಮತ್ತೆ ಬಾರಿಸುತ್ತಾನೆ. ಬಾಬಿ ಮೂಲೆಯಲ್ಲಿ ಮುದುಡಿ ಕೂರುತ್ತಾನೆ. ಅವನನ್ನು ದಿಟ್ಟಿಸುತ್ತ ಓರ್ಲಾಕ್ ಕೇಳಿಕೊಳ್ಳುತ್ತಾನೆ: ನಾನು ಹೆದರಿದ್ದು ಇದಕ್ಕೇನು? ಈ ಪ್ರಶ್ನೆಯನ್ನು ಗೆಲುವಿನ ಮಾತಾಗಿ ಕೇಳಿಸಿಕೊಳ್ಳುವುದು ಸುಲಭ. ಕಾರ್ಲಾಫ್ ಅದನ್ನು ಹಾಗೆ ಹೇಳಿಲ್ಲ. ಆ ದನಿಯಲ್ಲಿ ಬೆರಗಿದೆ, ನಿರಾಸೆಯೂ ಇದೆ. ಹುಡುಕಿಕೊಂಡು ಹೋದಲ್ಲಿ ಒಂದು ಮುಖವಾದರೂ ಸಿಕ್ಕೀತೆಂದಿದ್ದವನಿಗೆ ಅಲ್ಲಿ ಏನೂ ಇಲ್ಲದಿರುವುದು ಕಂಡಿದೆ.

ಚಿತ್ರ ಏಕೆ ಮರೆಯಾಯಿತು ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ಸುಮಾರು 1.3 ಲಕ್ಷ ಡಾಲರ್ ವೆಚ್ಚದಲ್ಲಿ ತಯಾರಾದ ಇದನ್ನು ಪ್ಯಾರಾಮೌಂಟ್ ಕೊಂಡುಕೊಂಡಿತು. ಆದರೆ 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಜೂನ್‌ನಲ್ಲಿ ರಾಬರ್ಟ್ ಕೆನೆಡಿ ಗುಂಡಿಗೆ ಬಲಿಯಾದರು. ಆ ಬೇಸಿಗೆಯಲ್ಲಿ ಬಂದೂಕುಧಾರಿಯ ಚಿತ್ರ ನೋಡಲು ಜನರಿಗೆ ಮನಸ್ಸಿರಲಿಲ್ಲ. ಬಿಡುಗಡೆಯ ವೇಳೆ ಬಂದೂಕು ನಿಯಂತ್ರಣದ ಅಗತ್ಯವನ್ನು ಹೇಳುವ ಮುನ್ನುಡಿಯೊಂದನ್ನು ಚಿತ್ರಕ್ಕೆ ಅಂಟಿಸಲಾಯಿತು. ಆ ಮಾತು ಸರಿಯಾದದ್ದೇ. ಆದರೆ ಚಿತ್ರ ಉಳಿಸಿಕೊಂಡಿದ್ದ ಮೌನವನ್ನು ಅದು ಆರಂಭದಲ್ಲಿಯೇ ಕೆಡಿಸಿತೆಂಬುದು ನನ್ನ ಅಭಿಪ್ರಾಯ. ಬೊಗ್ಡನೋವಿಚ್ 1971ರ ‘ದ ಲಾಸ್ಟ್ ಪಿಕ್ಚರ್ ಶೋ’ದಿಂದ ಹೆಸರಾದರು, 2022ರ ಜನವರಿಯಲ್ಲಿ ತೀರಿಕೊಂಡರು. ಕಾರ್ಲಾಫ್ ಇದರ ನಂತರವೂ ಕೆಲವು ಸಣ್ಣ ಚಿತ್ರಗಳಲ್ಲಿ ಕೆಲಸ ಮಾಡಿದರು; 1969ರ ಫೆಬ್ರವರಿ 2ರಂದು ಇಂಗ್ಲೆಂಡಿನಲ್ಲಿ ಕಣ್ಮುಚ್ಚಿದರು. ಓರ್ಲಾಕ್ ನಿವೃತ್ತನಾಗಬಯಸಿದ್ದ, ಅವನನ್ನು ನಟಿಸಿದವರು ಉಸಿರಿರುವವರೆಗೂ ನಿವೃತ್ತರಾಗಲಿಲ್ಲ.

ಇನ್ನು ಕೊನೆಯ ಎರಡು ಸಂಗತಿಗಳು. ಪೊಲೀಸರು ಎಳೆದೊಯ್ಯುವಾಗ ಬಾಬಿ, ನನ್ನ ಗುರಿ ಹೆಚ್ಚೇನೂ ತಪ್ಪಲಿಲ್ಲ ಅಲ್ಲವೇ, ಎಂದು ಕೇಳುತ್ತಾನೆ. ಶಾಲೆಯಿಂದ ಅಂಕಪಟ್ಟಿ ತಂದ ಹುಡುಗನ ದನಿ ಅದು. ಆಮೇಲೆ ಬೆಳಗಾಗುತ್ತದೆ. ಮೇಲಿನಿಂದ ನೋಡಿದರೆ ಇಡೀ ಬಯಲು ಖಾಲಿ, ಸಾಲುಸಾಲಾಗಿ ಸ್ಪೀಕರಿನ ಕಂಬಗಳು, ಅವುಗಳ ನಡುವೆ ಯಾರೂ ತೆಗೆದುಕೊಂಡು ಹೋಗದ ಒಂದೇ ಒಂದು ಕಾರು ನಿಂತಿದೆ. ಅದು ಬಾಬಿಯದು.